ನಮ್ಮಕ್ಕ ನುಂಗಿದ ಕೂದಲು

ಹೆದರಿಕೆ ಅನ್ನುವುದು ನಮ್ಮಕ್ಕನಿಗೆ ತಲೆ ನರೆತ ಮೇಲೆ ಬಂದದ್ದು. ಚಿಕ್ಕವಳಿದ್ದಾಗ ಅವಳಿಗೆ ಯಾವುದರ ಭಯವೂ ಇರಲಿಲ್ಲ. ಹಾಳುಬಾವಿಗೆ ಬಿದ್ದ ಬಿಂದಿಗೆ ತೆಗೆಯಲು ದೊಡ್ಡವರೇ ಹಿಂದೆ ಮುಂದೆ ನೋಡುತ್ತಿದ್ದರೆ ಇವಳು ಹಗ್ಗ ಹಿಡಿದು ಇಳಿದೇ ಬಿಡುತ್ತಿದ್ದಳು. ನಾನೋ, ಗೋಡೆಯ ಮೇಲೆ ಹಲ್ಲಿ ಕಂಡರೆ ಅಮ್ಮನ ಬೆನ್ನ ಹಿಂದೆ ಸೇರಿಕೊಳ್ಳುವವಳು. "ನಿನ್ನ ಪಾಲಿನ ಧೈರ್ಯಾನೂ ನಾನೇ ಕುಡಿದುಬಿಟ್ಟಿದೀನಿ ಕಣೇ. ಮೊದಲು ಹುಟ್ಟಿದೋಳು ನಾನಲ್ವಾ, ನಿಂಗೆ ತಳದಲ್ಲಿ ಏನೂ ಉಳಿದಿರಲಿಲ್ಲ" ಅಂತ ಆಡಿಕೊಳ್ಳುತ್ತಿದ್ದಳು. ಅಂಥವಳು ಒಂದು ಕೂದಲಿಗೆ ಹೆದರಿ ನನ್ನ ಕಣ್ಣ ಮುಂದೆಯೇ ಅರ್ಧ ಆಗಿಹೋದಳು. ಆ ಸಂಗತಿಯನ್ನೇ ಹೇಳುತ್ತೇನೆ.

ನಮ್ಮದು ಗುಡ್ಡ ಹತ್ತಿಕೊಂಡು ಬೆಳೆದ ಊರು. ಮೇಲಿನ ಬೀದಿಗಳಿಗೆ ಮೆಟ್ಟಿಲೇ ದಾರಿ. ಯಾರಾದರೂ ಅಲ್ಲಿ ಮನೆ ಕಟ್ಟಿಸಿದರೆ ಇಟ್ಟಿಗೆ, ಮರಳು ಎಲ್ಲ ಕತ್ತೆಯ ಬೆನ್ನ ಮೇಲೇ ಹೋಗಬೇಕು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆ ಕೆಲಸ ಮಾಡುತ್ತಿದ್ದರು. ಮದುವೆಯಾಗಿ ಹೋದ ವಾರದಲ್ಲೇ ಅಕ್ಕ ಕತ್ತೆಗಳ ಹಿಂದೆ ಮೆಟ್ಟಿಲು ಹತ್ತಿದಳು. ಬೀದಿಯವರು 'ಕತ್ತೆಯಕ್ಕ' ಅಂತ ಹೆಸರಿಟ್ಟರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಗಂಡನ ಜೊತೆ ಇರೋಳಿಗೆ ಕತ್ತೆ ಜೊತೆ ಇರೋದೇನು ಕಷ್ಟ? ಕತ್ತೆ ಕನಿಷ್ಠ ಉಪ್ಪು ಕಮ್ಮಿ ಅನ್ನಲ್ಲ" ಅನ್ನುವಳು. ಭಾವನೂ ನಗುತ್ತಿದ್ದರು.

ಭಾವ ತೀರಿಕೊಂಡರು. ಮೇಲಿನ ಬೀದಿಗೆ ಸರಕು ಎಳೆಯುವ ಮೋಟಾರು ರಾಟೆ ಬಂತು. ಕತ್ತೆಗಳನ್ನು ಒಂದೊಂದಾಗಿ ಕೊಟ್ಟು ಕೊನೆಗೆ ಉಳಿದದ್ದು ಬೂದಿ ಒಬ್ಬಳೇ. ಒಲೆಯ ಬೂದಿಯ ಬಣ್ಣ, ಭುಜದ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೆರೆ. ಒಂದು ಕಣ್ಣು ಮಸುಕಾಗಿತ್ತು. ಹೊರೆ ಹೊರುವ ಕಾಲ ಮುಗಿದಿತ್ತು. ಮಕ್ಕಳಿಲ್ಲದ ಅಕ್ಕನಿಗೆ ಮನೆಗೆ ಬಂದಾಗ ಕಿವಿ ನಿಗುರಿಸುವ ಜೀವ ಅಂದರೆ ಅದೊಂದೇ.

ಬೂದಿಯಂಥ ಮುದಿ ಕತ್ತೆಗಳನ್ನು ಕೇಳಿಕೊಂಡು ಬರುವವನು ಒಬ್ಬನೇ ಇದ್ದ, ಚರ್ಮದವನು. ಸಣ್ಣ ಟೆಂಪೋ ತಂದು ಬೀದಿ ತುದಿಯಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದ. ಒಳ್ಳೇ ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ಗದರಿದ್ದು ಯಾರೂ ಕೇಳಿಲ್ಲ. ಅದೇ ನನಗೆ ಹೆಚ್ಚು ಭಯ. ಕತ್ತೆಯ ಕುತ್ತಿಗೆ ಸವರುತ್ತಾ ಸವರುತ್ತಾ ಎರಡು ಬೆರಳಲ್ಲಿ ಚರ್ಮ ಹಿಡಿದು ಎತ್ತಿ, ದಪ್ಪ ಎಷ್ಟಿದೆ ಅಂತ ಉಜ್ಜಿ ನೋಡುವನು, ಬಟ್ಟೆ ಅಂಗಡಿಯಲ್ಲಿ ನಾವು ನೋಡುವ ಹಾಗೆ. ಆ ಚರ್ಮವನ್ನೆಲ್ಲ ಎಲ್ಲಿಗೋ ಕಳಿಸಿ ದೊಡ್ಡ ಹಂಡೆಗಳಲ್ಲಿ ಕುದಿಸಿ ಅಂಟು ಮಾಡುತ್ತಾರೆ ಅಂತ ಅವನೇ ಹೇಳಿದ್ದ.

"ಈಗಲೇ ಏನಲ್ಲ ಅಕ್ಕಾ. ನಿಮಗೆ ಯಾವಾಗ ಭಾರ ಅನ್ಸುತ್ತೋ ಆವಾಗ ಹೇಳಿ. ನಾನು ಈ ಕಡೆ ಬರ್ತಾನೇ ಇರ್ತೀನಿ."

"ನನ್ನ ಚರ್ಮಾನೂ ನೋಡ್ಕೊಂಡು ಹೋಗಪ್ಪ, ಎರಡೂ ಒಟ್ಟಿಗೆ ಒಯ್ಯುವಿಯಂತೆ" ಅಂದಿದ್ದಳು ಅಕ್ಕ. ಅವನು ನಕ್ಕ. ಬೂದಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅವನು ಹೋಗಿ ಎಷ್ಟೋ ಹೊತ್ತಾದರೂ ಅದರ ಚರ್ಮ ಅಲ್ಲಲ್ಲಿ ನಡುಗುತ್ತಿತ್ತು.

ಹೊಟ್ಟೆಪಾಡಿಗೆ ಅಕ್ಕ ಮ್ಯೂಸಿಯಂನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಸ್ವಲ್ಪ ದಿನ ಕಳೆದ ಮೇಲೆ ಹಿಂದಿನ ಕಟ್ಟಡದ ಲ್ಯಾಬಿಗೆ ಹಾಕಿದರು. ಹಳೇ ಮೂಳೆಗಳ ಲ್ಯಾಬು ಅದು. ಅಲ್ಲಿನ ದೊಡ್ಡವರು ಒಬ್ಬ ಹೆಂಗಸು. ಎಲ್ಲರೂ ಮೇಡಂ ಅನ್ನುತ್ತಿದ್ದರು. ಕಾಡುಕತ್ತೆಗಳ ವಂಶ ಹುಡುಕುವುದು ಅವರ ಕೆಲಸ. ಅಕ್ಕ ಮೊದಲ ದಿನ ಬಂದು ಬಿದ್ದು ಬಿದ್ದು ನಕ್ಕಳು. "ಇಷ್ಟು ಓದಿ ಕೊನೆಗೆ ನನ್ನ ಕಸುಬಿಗೇ ಬಂದಿದಾರೆ ನೋಡೇ!"

ಆದರೆ ಆ ಲ್ಯಾಬಿಗೆ ಸೇರಿಸಿಕೊಳ್ಳುವಾಗ ಒಂದು ಪ್ರಶ್ನೆ ಕೇಳಿದ್ದರು. ಮನೆಯಲ್ಲಿ ಕುದುರೆ, ಕತ್ತೆ, ಹೇಸರಗತ್ತೆ ಏನಾದರೂ ಸಾಕಿದ್ದೀರಾ? ಅಕ್ಕ "ಇಲ್ಲ" ಅಂದುಬಿಟ್ಟಿದ್ದಳು. ಹೌದು ಅಂದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಬೂದಿಗೆ ಹೊಟ್ಟಿಲ್ಲ, ಆಮೇಲೆ ಟೆಂಪೋ. ಅಷ್ಟೇ ಅವಳ ತಲೆಯಲ್ಲಿ ಓಡಿದ್ದು. ಯಾಕೆ ಕೇಳುತ್ತಾರೆ ಅಂತ ಆಗ ತಿಳಿದಿರಲಿಲ್ಲ.

ತಿಳಿದದ್ದು ಆಮೇಲೆ. ಮೇಡಂ ಅವಳಿಗೆ ಹೇಳಿದ್ದನ್ನು ಅವಳು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು. ಪ್ರತಿ ಜೀವದ ಒಳಗೂ ಒಂದು ನೂಲಿರುತ್ತದಂತೆ, ಡಿಎನ್‌ಎ ಅನ್ನುತ್ತಾರೆ. ತಾಯಿ, ತಾಯಿಯ ತಾಯಿ, ಎಲ್ಲರ ಗುರುತೂ ಅದರಲ್ಲೇ. ಜೀವ ಹೋದ ಮೇಲೆ ಆ ನೂಲು ತುಂಡು ತುಂಡಾಗಿ ಪುಡಿಯಾಗುತ್ತ ಹೋಗುತ್ತದೆ. ಹಳೇ ಮೂಳೆಯಲ್ಲಿ ಸಿಗುವುದು ಚಿಂದಿಯೇ. ಅಂಥ ಚಿಂದಿಯ ಪಕ್ಕ ಇವತ್ತಿನ ಕತ್ತೆಯ ಒಂದು ಕೂದಲು ಬಿದ್ದರೂ ಸಾಕು, ಹೊಸ ನೂಲು ಹಳೆಯದನ್ನು ಮುಳುಗಿಸಿಬಿಡುತ್ತದೆ. ಆಗ ಮಿಷನ್ನು ಹೊಸದನ್ನೇ ಓದಿ ಹೇಳುತ್ತದೆ.

"ತುಂಬಿದ ಸಂತೇಲಿ ಮುದುಕಿ ಪಿಸುಗುಟ್ಟಿದ ಹಾಗಂತೆ. ಪಕ್ಕದಲ್ಲಿ ಒಬ್ಬ ಕೂಗಿದ ಅಂದ್ರೆ ಮುಗೀತು" ಅಂದಳು. ಅವತ್ತು ನಗಲಿಲ್ಲ.

ಮರುದಿನದಿಂದ ನನ್ನ ಬಚ್ಚಲು ಅವಳದಾಯಿತು. ನಾನೂ ಆಗ ಒಂಟಿ. ನನ್ನ ಯಜಮಾನರು ಹೋದ ಮೇಲೆ ಮನೆಯಲ್ಲಿ ಇನ್ನೊಬ್ಬರ ಸದ್ದು ಕೇಳಿದರೆ ಸಾಕು ಅನ್ನಿಸುತ್ತಿತ್ತು. ಬೆಳಿಗ್ಗೆ ಬೂದಿಗೆ ಹೊಟ್ಟು ನೀರು ಕೊಟ್ಟು ಅಕ್ಕ ನೇರ ನನ್ನಲ್ಲಿಗೆ ಬರುವಳು. ಉಟ್ಟ ಬಟ್ಟೆಯನ್ನು ಹಿತ್ತಲಲ್ಲೇ ಕಳಚಿ ಬಕೀಟಿಗೆ ಹಾಕಿ, ತಲೆಯಿಂದ ಕಾಲಿನವರೆಗೆ ಉಜ್ಜಿ ಉಜ್ಜಿ ತೊಳೆದು, ನನ್ನ ಟ್ರಂಕಿನಲ್ಲಿಟ್ಟ ಬೇರೆ ಬಟ್ಟೆ ಹಾಕಿಕೊಂಡು ಹೋಗುವಳು. ಆ ಬಟ್ಟೆ ಎಂದೂ ಅವಳ ಮನೆಯ ಹೊಸಿಲು ದಾಟಲಿಲ್ಲ. ಸಂಜೆ ಮತ್ತೆ ಬಂದು ಬದಲಾಯಿಸಿಕೊಂಡು ಬೂದಿಯ ಹತ್ತಿರ ಹೋಗುವಳು. "ಎರಡು ಸಂಸಾರ ಮಾಡೋ ಗಂಡಸಿನ ಪಾಡು ಈಗ ಗೊತ್ತಾಯ್ತು ಕಣೇ" ಅಂತ ಮೊದಮೊದಲು ತಮಾಷೆ ಮಾಡುತ್ತಿದ್ದಳು.

ಮೂಳೆ ಕೊರೆಯುವ ಒಳಗಿನ ಕೋಣೆಯ ವಿಷಯ ಅಕ್ಕನೇ ಹೇಳುತ್ತಿದ್ದಳು. ಕಿಟಕಿ ಇಲ್ಲ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆಗೆಯುವುದಿಲ್ಲ. ಅಡಿಯಿಂದ ಮುಡಿಯವರೆಗೆ ಬಿಳೀ ಉಡುಪು, ಕೈಗೆ ಒಂದರ ಮೇಲೊಂದು ಗವಸು, ಬಾಯಿಗೆ ಮುಸುಕು. ಬೇರೆ ಯಾರೂ ಬರುವ ಮೊದಲೇ ಅಕ್ಕ ಒಬ್ಬಳೇ ಒಳಗೆ ಹೋಗಿ ಮೇಜು, ಗೋಡೆ, ನೆಲ ಎಲ್ಲ ಬ್ಲೀಚಿನಲ್ಲಿ ಒರೆಸಬೇಕು. "ನನ್ನ ಉಸಿರು ನನಗೇ ಕೇಳಿಸುತ್ತೆ. ಯಾರೋ ಹಿಂದೆ ನಿಂತು ಉಸಿರಾಡ್ತಿದಾರೆ ಅನ್ಸುತ್ತೆ. ತಿರುಗಿ ನೋಡಿದ್ರೆ ಆ ತಲೆ."

ಆ ತಲೆ ಅಂದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಬುರುಡೆ. ಯಾವುದೋ ಬಯಲಿನಲ್ಲಿ ಹಿಂದೆ ಹಿಂಡು ಹಿಂಡಾಗಿ ಓಡುತ್ತಿದ್ದ ಕಾಡುಕತ್ತೆಯದು. ಬೇಟೆಯಾಡಿ ಆಡಿ ಜನ ಅದರ ಕುಲವನ್ನೇ ಮುಗಿಸಿದ್ದರು. ಆ ಬಯಲಿನದು ಅಂತ ಉಳಿದದ್ದು ಆ ಬುರುಡೆ ಒಂದೇ. ಅದು ಈಗಲೂ ದೂರದ ಒಣನಾಡುಗಳಲ್ಲಿ ಬದುಕಿರುವ ಕಾಡುಕತ್ತೆಗಳ ಸ್ವಂತ ಬಳಗವೋ, ಅಥವಾ ಬೇರೆಯೇ ಒಂದು ಕುಲವೋ ಅಂತ ಮೇಡಂಗೆ ತಿಳಿಯಬೇಕಿತ್ತು. ಬಳಗವಾಗಿದ್ದರೆ ಬದುಕಿರುವ ನೆಂಟರನ್ನು ತಂದು ಆ ಬಯಲಿಗೆ ಮತ್ತೆ ಬಿಡಬಹುದು ಅಂತ ಅವರ ಆಸೆ. ಬೇರೆ ಕುಲವಾಗಿದ್ದರೆ ಹೋದದ್ದು ಹೋಯಿತು.

ನೂಲು ಚೆನ್ನಾಗಿ ಉಳಿಯುವುದು ಕಿವಿಯ ಒಳಗಿನ ಮೂಳೆಯಲ್ಲಂತೆ. ಕಲ್ಲಿನಷ್ಟು ಗಟ್ಟಿ ಅದು. ಎಡಕ್ಕೊಂದು ಬಲಕ್ಕೊಂದು. ಕೊರೆದು ಪುಡಿ ಮಾಡಿದರೆ ಆ ಮೂಳೆಯ ಕಥೆ ಅಲ್ಲಿಗೆ ಮುಗಿದಂತೆ, ಮತ್ತೆ ಬಾ ಅಂದರೆ ಬರುವುದಿಲ್ಲ.

ಎಡಗಿವಿ ಕೊರೆಯುವ ದಿನ ಗೊತ್ತಾಗಿತ್ತು. ಹಿಂದಿನ ದಿನ ಅಕ್ಕ ಒಳಗೆಲ್ಲ ಒರೆಸಿ ಮುಗಿಸಿ, ಹೊರಗಿನ ಕೋಣೆಗೆ ಬಂದು ಬಿಳೀ ಉಡುಪು ಕಳಚುತ್ತಿದ್ದಳು. ಒಳಗಿನ ಅಂಗಿಯ ತೋಳಿನ ಮೇಲೆ ಒಂದು ಕೂದಲು ಕಾಣಿಸಿತು. ಗಿಡ್ಡದು, ಬೂದು ಬಣ್ಣದ್ದು.

ಅವಳ ತಲೆಯೂ ಬೂದು ಬಣ್ಣಕ್ಕೇ ತಿರುಗಿತ್ತು. ಕಿವಿಯ ಹತ್ತಿರ ಗಿಡ್ಡ ಗಿಡ್ಡ ಕೂದಲು ಮುರಿದು ನಿಂತಿರುತ್ತಿದ್ದವು. ಇದು ತನ್ನದೋ, ಬೂದಿಯದೋ? ಎಷ್ಟು ಹತ್ತಿರ ಹಿಡಿದರೂ ಗೊತ್ತಾಗಲಿಲ್ಲ. ಕಸದ ಡಬ್ಬಕ್ಕೆ ಹಾಕಿದರೆ ಯಾರಾದರೂ ನೋಡಬಹುದು. ಊದಿದರೆ ಎಲ್ಲಿ ಹೋಗಿ ಕೂರುತ್ತದೋ. ಜೇಬಿಲ್ಲ. ಆಚೆ ಮೆಟ್ಟಿಲ ಮೇಲೆ ಯಾರದೋ ಬೂಟಿನ ಸದ್ದು. ಅಕ್ಕ ಆ ಕೂದಲನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟಳು.

ಅವತ್ತು ಸಂಜೆ ನನ್ನ ಮನೆಗೆ ಬಂದವಳು ಬಾಗಿಲಲ್ಲೇ ಕುಸಿದು ಕೂತಳು. ಚಹಾ ಕೊಟ್ಟೆ, ಮುಟ್ಟಲಿಲ್ಲ. ಗಂಟಲಿಗೆ ಕೈ ಹಾಕಿಕೊಂಡು, "ಇಲ್ಲೇ ನಿಂತಿದೆ ಕಣೇ. ಇಳೀತಾ ಇಲ್ಲ" ಅಂದಳು.

"ಕೂದಲು ಅಲ್ಲಿರಲ್ಲ ಅಕ್ಕಾ, ಅದು ನಿನ್ನ ಭಯ. ಒಂದು ಗುಟುಕು ಚಹಾ ಕುಡಿ, ಎರಡೂ ಇಳಿಯುತ್ತೆ."

"ತೋಳಿನ ಮೇಲೆ ಇದ್ದದ್ದೊಂದು ನಂಗೆ ಕಾಣ್ತು. ಕಾಣದೆ ಬಿದ್ದದ್ದು ಎಷ್ಟೋ?"

ನಾನು ತಣ್ಣಗಾದ ಚಹಾ ಒಳಗೆ ಒಯ್ದೆ.

ಎಡಗಿವಿ ಕೊರೆದರು. ಉತ್ತರ ಬರಲು ವಾರಗಳೇ ಹಿಡಿದವು. ಆ ವಾರಗಳಲ್ಲಿ ಅಕ್ಕನ ಕೈ ನೋಡಲಾಗುತ್ತಿರಲಿಲ್ಲ. ಬ್ಲೀಚಿನಲ್ಲಿ ಅದ್ದಿ ಅದ್ದಿ ಬೆರಳ ತುದಿ ಬಿರಿದಿತ್ತು. ಬೂದಿಯನ್ನು ಬರಿಗೈಯಲ್ಲಿ ಮುಟ್ಟುವುದನ್ನೇ ಬಿಟ್ಟಳು. ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೊಟ್ಟು ಸುರಿದು ದೂರ ಸರಿಯುವಳು. ಅದು ಮುಖ ಚಾಚಿ ಚಾಚಿ ಸುಮ್ಮನಾಗುತ್ತಿತ್ತು. ನನ್ನ ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಳು. ಹಾಸಿಗೆಯ ಮೇಲೆ, ಬಾಚಣಿಗೆಯಲ್ಲಿ, ಗಾಳಿಯಲ್ಲಿ, ಎಲ್ಲೆಲ್ಲೂ ಅವಳಿಗೆ ಗಿಡ್ಡ ಬೂದು ಕೂದಲು ಕಾಣುತ್ತಿತ್ತು. ನೋಡಿ ನೋಡಿ ನನಗೂ ಕಾಣತೊಡಗಿತು. ಟ್ರಂಕಿನ ಮುಚ್ಚಳ ತೆಗೆಯುವ ಮೊದಲು ಎರಡೆರಡು ಸಲ ಕೈ ತೊಳೆಯುತ್ತಿದ್ದೆ. ಬಟ್ಟೆ ಇದ್ದದ್ದು ನನ್ನ ಮನೆಯಲ್ಲೇ ಅಲ್ಲವೇ!

ಒಂದು ಮಧ್ಯಾಹ್ನ ಎಂದಿಗಿಂತ ಮೊದಲೇ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಬಂತು" ಅಂದಳು.

"ಏನು?"

"ಕತ್ತೆ. ಕಾಡುಕತ್ತೆ ಅಲ್ವಂತೆ. ಮನೇಲಿ ಸಾಕೋ ಕತ್ತೆ ಅಂತ ಬಂದಿದೆ."

ಬುರುಡೆಯ ಹಲ್ಲು ನೋಡಿದರೆ ಕಾಡಿನದು, ನೂಲು ನೋಡಿದರೆ ಮನೆಯದು. ಮೇಡಂ ತಲೆ ಹಿಡಿದುಕೊಂಡು ಕೂತಿದ್ದರಂತೆ. ಮ್ಯೂಸಿಯಂನ ಮೇಲಿನವರು, ಇದು ಯಾರೋ ಬೇಟೆಗಾರ ಹೇಳಿದ ಸುಳ್ಳು, ಮನೆಗತ್ತೆಯ ತಲೆಯನ್ನೇ ಕಾಡುಕತ್ತೆಯದು ಅಂತ ಕೊಟ್ಟಿದ್ದಾನೆ, ಉಗ್ರಾಣಕ್ಕೆ ಹಾಕಿ ಅಂದರಂತೆ. ಮೇಡಂ ಕಾಡಿ ಬೇಡಿ ಬಲಗಿವಿಗೆ ಒಪ್ಪಿಗೆ ತಂದಿದ್ದರು. ಅದರಲ್ಲೂ ಹೀಗೇ ಬಂದರೆ ಆ ಬಯಲಿನ ಕಾಡುಕತ್ತೆ ಇತ್ತು ಅನ್ನುವುದಕ್ಕೆ ಲೋಕದಲ್ಲಿ ಒಂದು ಚೂರೂ ಉಳಿಯುವುದಿಲ್ಲ.

"ಹೇಳಿಬಿಡು ಅಕ್ಕಾ" ಅಂದೆ.

"ಹೇಳಿದ್ರೆ ನಾಳೇನೇ ಆಚೆ ಹಾಕ್ತಾರೆ. ಆಚೆ ಹಾಕಿದ್ರೆ ಬೂದೀನ ಏನು ಮಾಡ್ಲಿ? ನೀನು ಸಾಕ್ತೀಯಾ? ನಿನ್ನ ಹಿತ್ತಲಲ್ಲಿ ಒಂದು ಕೋಳಿ ನಿಲ್ಲಲ್ಲ." ಆಮೇಲೆ ತನ್ನಷ್ಟಕ್ಕೆ ಅಂದಳು, "ಹೇಳದೆ ಇದ್ರೆ ಇನ್ನೊಂದು ಕಿವೀನೂ ನಾನೇ ತಿಂದ ಹಾಗೆ."

ಕೆಲಸ ಹೋದರೆ ಚರ್ಮದವನು ಬಂದೇ ಬರುತ್ತಾನೆ, ಬೂದಿ ಟೆಂಪೋ ಹತ್ತೇ ಹತ್ತುತ್ತದೆ. ಅಕ್ಕ ಕಣ್ಣು ಮುಚ್ಚಿದರೆ ಆ ಎರಡು ಬೆರಳು ಕಾಣುತ್ತಿದ್ದವಂತೆ. ಕಣ್ಣು ತೆರೆದರೆ ಆ ಬುರುಡೆ. ಬೂದಿಗೆ ಜೀವ ಇತ್ತು, ಬುರುಡೆಗೆ ಇರಲಿಲ್ಲ. ಆದರೂ ಅವಳಿಗೆ ಎರಡೂ ಒಂದೇ ಥರ ತನ್ನನ್ನು ನೋಡುತ್ತಿವೆ ಅನ್ನಿಸುತ್ತಿತ್ತು.

ಬಲಗಿವಿ ಕೊರೆಯುವ ದಿನ ಬೆಳಿಗ್ಗೆ ಅವಳು ನನ್ನ ಮನೆಗೆ ಬಂದಳು, ಸ್ನಾನ ಮಾಡಲಿಲ್ಲ. ಬೂದಿಯ ಹೊಟ್ಟಿನ ಧೂಳು ಬಟ್ಟೆಯ ಮೇಲೆ ಹಾಗೇ ಇತ್ತು. "ನಡಿ, ನನ್ನ ಜೊತೆ ಬಾ. ಒಬ್ಬಳೇ ಹೋದ್ರೆ ಗೇಟಿಂದಲೇ ವಾಪಸ್ ಬಂದುಬಿಡ್ತೀನಿ." ಬಾವಿಗೆ ಇಳಿಯುತ್ತಿದ್ದ ಅಕ್ಕ ನನ್ನ ಕೈ ಹಿಡಿದುಕೊಂಡದ್ದು ಅದೇ ಮೊದಲು.

ಲ್ಯಾಬಿನ ಹೊರಗೆ ಬಂದವರು ಕೂರುವ ಸಣ್ಣ ಕೋಣೆ ಇತ್ತು. ಗೋಡೆಗೆ ಒಂದು ಬೆಂಚು, ಒಂದು ಗಡಿಯಾರ, ಒಣಗಿದ ಗಿಡದ ಕುಂಡ. ಅಕ್ಕ ಅದರ ಒಳಕ್ಕೂ ಕಾಲಿಡಲಿಲ್ಲ, ಬಾಗಿಲಾಚೆಯೇ ನಿಂತಳು. ಕಾವಲಿನವನ ಹತ್ತಿರ ಮೇಡಂಗೆ ಹೇಳಿ ಕಳಿಸಿದೆವು. ಮೇಡಂ ಅರ್ಧ ಬಿಳೀ ಉಡುಪಿನಲ್ಲೇ ಬಂದರು.

"ಏನಮ್ಮಾ ಇದು, ಇಷ್ಟು ತಡ! ಒಳಗೆ ನಾವೇ ಒರೆಸಿಕೊಂಡ್ವಿ. ಹುಷಾರಿಲ್ವಾ?"

"ಹತ್ರ ಬರಬೇಡಿ ಮೇಡಂ" ಅಂದಳು ಅಕ್ಕ. "ಅಲ್ಲೇ ನಿಲ್ಲಿ. ನನ್ನ ಮೈಮೇಲೆ ಕತ್ತೆ ಇದೆ."

ಮೇಡಂ ನನ್ನ ಮುಖ ನೋಡಿದರು, ಇವರಿಗೆ ತಲೆ ಕೆಟ್ಟಿದೆಯಾ ಅನ್ನುವ ಹಾಗೆ. ಅಕ್ಕ ಎಲ್ಲ ಹೇಳಿದಳು. ಕೇಳಿದ ಪ್ರಶ್ನೆಗೆ ಇಲ್ಲ ಅಂದದ್ದು, ಬೂದಿ, ನನ್ನ ಬಚ್ಚಲು, ಟ್ರಂಕು, ತೋಳಿನ ಮೇಲಿನ ಕೂದಲು.

"ಆ ಕೂದಲು ಎಲ್ಲಿ?" ಮೇಡಂ ದನಿ ಗಟ್ಟಿಯಾಗಿತ್ತು.

"ನುಂಗಿದೆ."

"ಏನು?"

"ನುಂಗಿಬಿಟ್ಟೆ ಮೇಡಂ."

ಮೇಡಂ ಬಾಯಿ ತೆರೆದು, ಮುಚ್ಚಿ, ಬೆಂಚಿನ ಮೇಲೆ ಕೂತರು. ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. ಒಳಗೆ ಮೇಜಿನ ಮೇಲೆ ಮೂಳೆ ಆಗಲೇ ಇಟ್ಟಾಗಿತ್ತಂತೆ. ಅವರು ಎದ್ದು ಗೋಡೆಯ ಫೋನು ತೆಗೆದು, "ನಿಲ್ಲಿಸಿ. ಪೆಟ್ಟಿಗೆಗೆ ವಾಪಸ್ ಇಡಿ. ಯಾರೂ ಮುಟ್ಟಬೇಡಿ" ಅಂದರು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಫೋನು ಇಟ್ಟು ನನ್ನ ಕಡೆ ತಿರುಗಿದರು. "ನಾನಾಗಲಿ ಇಲ್ಲಿಯವರಾಗಲಿ ಆ ಕತ್ತೆ ಹತ್ರ ಹೋಗೋ ಹಾಗಿಲ್ಲ. ನೀವು ಅದರ ಕೂದಲು ಕಿತ್ತು ಕೊಡ್ತೀರಾ? ಬುಡಸಮೇತ ಬರಬೇಕು. ಬೇರೆ ಊರಿನ ಲ್ಯಾಬಿಗೆ ಕಳಿಸ್ತೀನಿ. ಎಡಗಿವೀಲಿ ಸಿಕ್ಕಿದ್ದು ಇದೇ ಕತ್ತೆಯೋ ಅಲ್ವೋ ಗೊತ್ತಾಗುತ್ತೆ."

ಹಲ್ಲಿಗೆ ಹೆದರುವವಳಿಗೆ ಈ ಕೆಲಸ! ಬೂದಿಯ ಹತ್ತಿರ ಹೋದೆ. ಮೇಡಂ ಕೊಟ್ಟ ಗವಸು ಹಾಕಿಕೊಂಡು ಕುತ್ತಿಗೆಯ ಮೇಲಿನ ಕೂದಲು ಹಿಡಿದೆ. ಅಕ್ಕನ ತಪ್ಪು ಇದೆಯೋ ಇಲ್ಲವೋ ಅನ್ನುವುದು ನನ್ನ ಈ ಬೆರಳುಗಳಲ್ಲೇ ಸಿಕ್ಕಿಕೊಂಡಿದೆ ಅನ್ನಿಸಿ ಕೀಳಲು ಆಗಲಿಲ್ಲ. ಬೂದಿ ನಾನೂ ಚರ್ಮದವನೇ ಅಂದುಕೊಂಡಿತೋ ಏನೋ, ಮೈಯೆಲ್ಲ ನಡುಗಿತು. ಅಕ್ಕ ಹೊರಗಿಂದ, "ಕೀಳೇ, ಒಂದೇ ಸಲ ಕಿತ್ತುಬಿಡು. ನಿನ್ನ ಜುಟ್ಟು ನಾನು ಎಷ್ಟು ಸಲ ಕಿತ್ತಿಲ್ಲ" ಅಂತ ಕೂಗಿದಳು. ನಗಿಸಲು ಹೋಗಿ ಅವಳ ದನಿಯೇ ಒಡೆಯಿತು. ಕಣ್ಣು ಮುಚ್ಚಿ ಕಿತ್ತೆ.

ಉತ್ತರ ಬರುವವರೆಗೆ ಕೆಲಸಕ್ಕೆ ಬರಬೇಡಿ ಅಂತ ಮೇಡಂ ಅಕ್ಕನಿಗೆ ಅಂದಿದ್ದರು. ಬೀದಿಯಲ್ಲಿ ಸುದ್ದಿ ಹೇಗೆ ಹಬ್ಬುತ್ತದೋ! ಚರ್ಮದವನು ಬಂದ. ನಾನು ಅಲ್ಲೇ ಇದ್ದೆ. ಅಂಗಳದ ಗೋಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತ.

"ಕೆಲಸ ಹೋಯ್ತಂತೆ ಅಕ್ಕಾ. ಕೇಳಿ ಸಂಕಟ ಆಯ್ತು."

ಅಕ್ಕ ಹೊಟ್ಟಿನ ಬುಟ್ಟಿ ಕೆಳಗಿಟ್ಟಳು.

"ಚಳಿ ಹತ್ರ ಬಂತು. ಮುದಿ ಪ್ರಾಣಿ. ತಾನಾಗಿ ಬಿದ್ರೆ ಚರ್ಮ ಬಿರಿಯುತ್ತೆ, ಆಮೇಲೆ ನನಗೂ ಉಪಯೋಗ ಇಲ್ಲ, ನಿಮಗೂ ಇಲ್ಲ." ಕೈ ಚಾಚಿ ಬೂದಿಯ ಕುತ್ತಿಗೆ ಸವರಿದ. ನಾನು ಕಿತ್ತ ಜಾಗದ ಹತ್ತಿರವೇ ಆ ಎರಡು ಬೆರಳು ನಿಂತವು. "ಗಾಡಿ ಇಲ್ಲೇ ಕೆಳಗಿದೆ."

ಹಿಂದಿನ ಅಕ್ಕನಾಗಿದ್ದರೆ ಏನಾದರೂ ಅಂದು ಓಡಿಸುತ್ತಿದ್ದಳು. ಅವತ್ತು ಅವಳ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಹೂಂ ಅಂದುಬಿಡುತ್ತಾಳೋ ಅನ್ನಿಸಿತು. "ಇನ್ನೂ ಉತ್ತರ ಬಂದಿಲ್ಲ, ನೀನು ಹೋಗಪ್ಪ" ಅಂತ ನಾನೇ ಅಂದೆ. ಯಾವ ಉತ್ತರ ಅಂತ ಅವನು ಕೇಳಲಿಲ್ಲ. "ಆಗಲಿ ತಾಯಿ, ಬರ್ತಾನೇ ಇರ್ತೀನಿ" ಅಂತ ಹೋದ.

ಮೇಡಂ ಕರೆಸಿದ ದಿನ ಇಬ್ಬರೂ ಹೋದೆವು. ಅದೇ ಕೋಣೆ, ಅದೇ ಬೆಂಚು. ಒಣಗಿದ ಗಿಡವನ್ನು ಯಾರೋ ತೆಗೆದಿದ್ದರು. ಈ ಸಲ ಅಕ್ಕ ಒಳಗೆ ಬಂದು ಕೂತಳು. ಇನ್ನು ಕಳೆದುಕೊಳ್ಳುವುದೇನಿದೆ ಅಂತ.

"ನಿಮ್ಮ ಕತ್ತೆ ಅಲ್ಲ" ಅಂದರು ಮೇಡಂ.

ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು.

"ತಾಯಿ ಕಡೆಯ ಗೆರೆಯೇ ಬೇರೆ. ನಿಮ್ಮ ಕತ್ತೆ ಮನೆತನ ಒಂದು, ಎಡಗಿವೀಲಿ ಸಿಕ್ಕಿದ್ದರ ಮನೆತನ ಇನ್ನೊಂದು. ಅಷ್ಟೇ ಅಲ್ಲ, ಅದು ಇವತ್ತಿನದೂ ಅಲ್ಲ. ನೂಲು ಸಾಕಷ್ಟು ತುಂಡಾಗಿದೆ. ನಾವು ಅದನ್ನ ಮೊದಲೇ ಸರಿಯಾಗಿ ಗಮನಿಸಬೇಕಿತ್ತು, ಅವಸರದಲ್ಲಿ ಬಿಟ್ಟಿದ್ವಿ. ನೀವು ಬಂದು ಹೇಳಿದ ಮೇಲೆ ಮತ್ತೆ ಕೂತು ನೋಡಿದ್ವಿ."

"ಹಾಗಾದ್ರೆ ಆ ಕತ್ತೆ ಎಲ್ಲಿಂದ ಬಂತು ಮೇಡಂ?" ನಾನು ಕೇಳಿದೆ.

ಮೇಡಂ ಬುರುಡೆಯ ದೊಡ್ಡ ಫೋಟೋ ತೋರಿಸಿದರು. ಎಡಗಿವಿಯ ಹತ್ತಿರ ಕೂದಲೆಳೆಯಂಥ ಬಿರುಕು. ಬಿರುಕಿನ ಉದ್ದಕ್ಕೂ ಕಂದು ಬಣ್ಣದ ಹೊಳಪು. ಈ ತಲೆ ಮ್ಯೂಸಿಯಂಗೆ ಬಂದಾಗಲೇ ಒಡೆದಿತ್ತು, ಆ ಕಾಲದಲ್ಲಿ ಯಾರೋ ಜೋಡಿಸಿದ್ದಾರೆ, ಅಂಟು ಮೂಳೆಯ ಒಳಕ್ಕೆಲ್ಲ ಇಳಿದಿದೆ ಅಂದರು. "ಆಗೆಲ್ಲ ಚರ್ಮ ಕುದಿಸಿ ಮಾಡಿದ ಅಂಟೇ ಹಾಕ್ತಿದ್ದದ್ದು. ನಾವು ಓದಿದ್ದು ಆ ಅಂಟನ್ನ."

"ಕತ್ತೆ ಚರ್ಮಾನಾ?" ಅಕ್ಕನ ದನಿ ಸಣ್ಣಗಾಗಿತ್ತು.

"ಹೌದು."

ತಪ್ಪು ತನ್ನದಲ್ಲ ಅಂತ ತಿಳಿದ ಮೇಲೆ ಅಕ್ಕ ಉಸಿರು ಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಆ ಕಂದು ಗೆರೆಯನ್ನೇ ನೋಡುತ್ತಿದ್ದಳು. ಎಂದೋ ಯಾರದೋ ಅಂಗಳದಲ್ಲಿ ನಿಂತಿದ್ದ ಕತ್ತೆ. ಅದರ ಕುತ್ತಿಗೆಯನ್ನೂ ಯಾರೋ ಎರಡು ಬೆರಳಲ್ಲಿ ಹಿಡಿದು ನೋಡಿರಬೇಕು. ಕಾಡಿನದನ್ನು ಹೊಡೆದು ಕೊಂದರು, ಮನೆಯದನ್ನು ಕುದಿಸಿ ಅದಕ್ಕೆ ಅಂಟಿಸಿದರು.

ಆಮೇಲೆ ಮೇಡಂ ಕಷ್ಟದ ಮಾತಿಗೆ ಬಂದರು. "ಆದ್ರೂ ಅಮ್ಮಾ, ಮನೇಲಿ ಕತ್ತೆ ಇರೋವರೆಗೆ ಒಳಗಿನ ಕೋಣೆಗೆ ನಿಮ್ಮನ್ನ ಬಿಡೋಕಾಗಲ್ಲ. ಈ ಸಲ ನಿಮ್ಮದಲ್ಲ. ಮುಂದಿನ ಸಲ ನಿಮ್ಮದೇ ಇರಬಹುದು. ಕತ್ತೆ ಇಲ್ಲ ಅಂತಾದ ದಿನ ಬನ್ನಿ, ಕೆಲಸ ಇದೆ."

ಅಕ್ಕ ಬಾಯಿಂದ ಕೈ ತೆಗೆದಳು. "ಅದು ಇರೋವರೆಗೂ ನಾನು ಬರಲ್ಲ ಮೇಡಂ. ಅದು ಹೋದ್ಮೇಲೂ ಬರಲ್ಲ. ಆ ಕೋಣೇಲಿ ನನ್ನ ಉಸಿರಿಗೇ ನಾನು ಹೆದರಿದ್ದು ಸಾಕು."

ಮೇಡಂ ಒತ್ತಾಯ ಮಾಡಲಿಲ್ಲ. ಮುಂದಿನ ಕಟ್ಟಡದಲ್ಲಿ, ಜನ ಓಡಾಡುವ ಹಾಲ್‌ನಲ್ಲಿ ಮತ್ತೆ ನೆಲ ಒರೆಸುವ ಕೆಲಸ ಕೊಡಿಸಿದರು. ಅಲ್ಲಿ ಯಾರ ಕೂದಲು ಬಿದ್ದರೂ ಕೇಳುವವರಿಲ್ಲ.

ಬಲಗಿವಿಯನ್ನು ಬಿರುಕಿಲ್ಲದ ಕಡೆಯಿಂದ, ಮೇಲ್ಮೈ ಕೆರೆದು ತೆಗೆದು ಕೊರೆದರು. ಚಿಂದಿ ನೂಲು ಸಿಕ್ಕಿತು. ಆ ಬಯಲಿನದು ಮನೆಗತ್ತೆಯಲ್ಲ, ನಿಜವಾದ ಕಾಡುಕತ್ತೆಯೇ, ಈಗ ಬದುಕಿರುವವಕ್ಕೆ ಅಕ್ಕತಂಗಿಯರ ಮಕ್ಕಳಷ್ಟು ಹತ್ತಿರ ಅಂತ ಬಂತು. ಮೇಡಂ ಹಾಲ್‌ಗೆ ಓಡಿ ಬಂದು ಅಕ್ಕನಿಗೆ ಹೇಳಿದರಂತೆ. ಅಕ್ಕ ಒರೆಸುವ ಕೋಲು ಹಿಡಿದೇ, "ನೆಂಟರು ಸಿಕ್ಕಿದ್ರಲ್ಲ, ಸದ್ಯ" ಅಂದಳಂತೆ.

ಮುಂದಿನ ಚಳಿಗಾಲ ಕಳೆಯುವ ಹೊತ್ತಿಗೆ ಬೂದಿ ಹೋಯಿತು. ಬೆಳಿಗ್ಗೆ ಹೊಟ್ಟು ಹಿಡಿದು ಹೋದರೆ ಮಲಗಿದ ಕಡೆಯೇ ತಣ್ಣಗಾಗಿತ್ತು. ಅಕ್ಕ ನನ್ನನ್ನು ಕರೆಸಿದಳು. ನಾನು ಹೋಗುವಷ್ಟರಲ್ಲಿ ಟೆಂಪೋ ಬೀದಿ ತುದಿಯಲ್ಲಿ ನಿಂತಿತ್ತು. ಅವನಿಗೆ ಯಾರು ಹೇಳಿದರೋ, ಹೇಳಲೇಬೇಕಾಗಿತ್ತೋ ಇಲ್ಲವೋ.

"ಸತ್ತ ಮೇಲೂ ಆಗುತ್ತೆ ಅಕ್ಕಾ" ಅಂದ ಮೆತ್ತಗೆ. "ಇವತ್ತಿನ ಒಳಗಾದ್ರೆ ತೊಂದ್ರೆ ಇಲ್ಲ."

ಅಕ್ಕ ಬೂದಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಕೈಗೆ ಗವಸಿಲ್ಲ, ಚೀಲವಿಲ್ಲ. ಬಿರಿದ ಬೆರಳಲ್ಲಿ ಅದರ ಕಿವಿ ಹಿಡಿದಿದ್ದಳು. ತಲೆ ಎತ್ತಿ ಅವನನ್ನು ನೋಡಿದಳು.

"ಆ ಗೋಡೆ ದಾಟಿ ಒಂದು ಬೆರಳು ಈಚೆ ಬಂದ್ರೆ, ಅದನ್ನ ಕುದಿಸಿ ಅಂಟು ಮಾಡ್ತೀನಿ."

ಅವನು ಗೋಡೆಯ ಮೇಲಿದ್ದ ಕೈ ತೆಗೆದ.

ಗುಡ್ಡದ ಬುಡದ ಖಾಲಿ ಜಾಗದಲ್ಲಿ ಆಳು ಹಿಡಿದು ಗುಂಡಿ ತೆಗೆಸಿದೆವು. ನಾಯಿ ಬರದಂತೆ ಸುಣ್ಣ ಸುರಿಯೋಣ ಅಂದರು ಅಗೆಯುವವರು. ಅಕ್ಕ ಬೇಡ ಅಂದಳು, ಮೂಳೆ ತಿಂದುಬಿಡುತ್ತೆ ಅಂತ. ಇನ್ನೂ ಆಳ ತೆಗೆಸಿದಳು. ಮೇಲೆ ಕಲ್ಲು ಹೇರಿಸಿದಳು. ಎಲ್ಲರೂ ಹೋದ ಮೇಲೆ ಅದೇ ಕಲ್ಲಿನ ಮೇಲೆ ಕೂತು ಹೇಳಿದಳು:

"ಎಷ್ಟು ಕಾಲ ಆದ್ಮೇಲೋ ಯಾರೋ ಬಂದು ಇವಳ ಕಿವಿ ಕೊರೀಲಿ ಕಣೇ. ಆವಾಗ ಇವಳದು ಮಾತ್ರ ಸಿಗಬೇಕು. ಬೇರೆ ಯಾರೂ ಅಂಟಿರಬಾರದು. ಇವಳೂ ಇನ್ಯಾರಿಗೂ ಅಂಟಿರಬಾರದು."

"ನೀನು ಇಷ್ಟು ಹೊತ್ತು ಬರಿಗೈಯಲ್ಲಿ ಸವರಿದೀಯಲ್ಲ, ನೀನು ಅಂಟಿರಲ್ವಾ?" ಅಂದೆ.

ಅಕ್ಕ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನಾನಿರಲಿ ಬಿಡು" ಅಂದಳು.

ಅಕ್ಕ ಈಗ ಇಲ್ಲ. ಅವತ್ತು ನುಂಗಿದ ಕೂದಲು ಅವಳದೋ ಬೂದಿಯದೋ ಕೊನೆಗೂ ಗೊತ್ತಾಗಲಿಲ್ಲ. ಆ ಇಸ್ತ್ರಿ ಅಂಗಿಯವನೂ ಮುದುಕನಾಗಿರಬೇಕು, ಅವನ ಜಾಗಕ್ಕೆ ಇನ್ಯಾರೋ ಬಂದಿದ್ದಾರೆ. ಟೆಂಪೋ ಈಗಲೂ ಬೀದಿ ತುದಿಯಲ್ಲಿ ಆಗಾಗ ಕಾಣುತ್ತದೆ. ಅದು ಕಂಡ ದಿನ ನಾನು ಗುಡ್ಡದ ಬುಡದವರೆಗೆ ನಡೆದು ಹೋಗಿ, ಕಲ್ಲುಗಳು ಸರಿದಿವೆಯಾ ಅಂತ ನೋಡಿ ಬರುತ್ತೇನೆ. ಇದುವರೆಗೆ ಸರಿದಿಲ್ಲ.